ರುಮಾಲಿನ ಎತ್ತರ

ಅಟ್ಟದಲ್ಲಿ ನಾನು ನೆಟ್ಟಗೆ ನಿಲ್ಲಬಲ್ಲೆನೇ ಎಂದು ಮೊದಲು ಯಾರೂ ಕೇಳಲಿಲ್ಲ. ಎಲ್ಲರಿಗೂ ಬೇಕಾಗಿದ್ದುದು ನನ್ನ ದೊಡ್ಡಪ್ಪ ಅಲ್ಲಿ ನೆಟ್ಟಗೆ ನಿಲ್ಲುತ್ತಾನೆಯೇ ಎಂಬುದು. ಅದೂ ತಲೆಯ ಮೇಲಿನ ರುಮಾಲು ತೆಗೆಯದೆ.

ನಲವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ನಾನು ಮ್ಯಾಟ್ರಿಕ್ ಪಾಸಾಗಿದ್ದೆ. ಅಪ್ಪ ಬಸಲಿಂಗಯ್ಯ ವಿಜಾಪುರದ ಒಂದು ಹತ್ತಿಯ ಜಿನ್ನಿನ ಗಿರಣಿಯಲ್ಲಿ ಕಾರಕೂನನಾಗಿದ್ದಷ್ಟು ದಿನ ನಾವು ಅಲ್ಲಿಯೇ ಬಾಡಿಗೆ ಮನೆಯಲ್ಲಿದ್ದೆವು. ಆ ಕೆಲಸ ಹೋದ ಮೇಲೆ ತಿಕೋಟಾಕ್ಕೆ ಬಂದು, ದೊಡ್ಡಪ್ಪ ಗುರುಪಾದಯ್ಯ ಯಜಮಾನನಾಗಿದ್ದ ಹಿರಿಯರ ಮನೆ ಸೇರಿಕೊಂಡೆವು. ವಿಜಾಪುರದಲ್ಲಿ ಆಗ ಕಾಲೇಜು ಹೊಸದು. ಅರ್ಜಿಯ ಕಾಗದ ತರಿಸಿಕೊಂಡು ನಾನೇ ತುಂಬಿದ್ದೆ. ಪಾಲಕರ ಸಹಿಯ ಜಾಗ ಮಾತ್ರ ಖಾಲಿ ಇತ್ತು. ದೊಡ್ಡಪ್ಪ ಹೂಂ ಅನ್ನದೆ ಅಪ್ಪ ಒಂದು ಎತ್ತನ್ನು ಕೊಂಡವನಲ್ಲ, ಒಂದು ಕಾಗದಕ್ಕೆ ಸಹಿ ಹಾಕಿದವನೂ ಅಲ್ಲ.

ದೊಡ್ಡಪ್ಪ ಕೆಟ್ಟವನೆಂದು ನಾನು ಎಂದೂ ಅಂದುಕೊಂಡಿಲ್ಲ. ಬಬಲೇಶ್ವರದ ಬಟ್ಟೆ ಅಂಗಡಿಯವರ ಮನೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಗಟ್ಟಿಯಾಗಿದ್ದಾನೆ, ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ ಎಂದು ಅವನು ತಾನೇ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಆ ಮನೆಯ ಬಾವಿಯ ನೀರು ಸಿಹಿ ಇದೆಯೋ ಸವುಳೋ ಎಂದು ಕುಡಿದೂ ನೋಡಿದ್ದ. ಇಷ್ಟು ಕಾಳಜಿ ಮಾಡಿದವನು ನನ್ನನ್ನೊಂದು ಮಾತು ಕೇಳುವುದನ್ನು ಮರೆತಿದ್ದ.

ನಾನು ಶಂಕ್ರತ್ತೆಗೆ ಕಾರ್ಡು ಬರೆದೆ. ಶಂಕ್ರೆವ್ವ ದೊಡ್ಡಪ್ಪನಿಗೆ ತಂಗಿ, ಅಪ್ಪನಿಗೆ ಅಕ್ಕ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಗಂಡನ ಮನೆ. ಗಂಡ ಇನ್‌ಫ್ಲುಯೆಂಜಾದ ವರ್ಷವೇ ಹೋಗಿದ್ದ, ಮಕ್ಕಳಿರಲಿಲ್ಲ. ಕಾರ್ಡು ಮುಟ್ಟಿದ ಮರುದಿನವೇ ಅವಳು ಬಸ್ಸು ಹತ್ತಿ ತಿಕೋಟಾಕ್ಕೆ ಬಂದು ಪಡಸಾಲೆಯಲ್ಲಿ ದೊಡ್ಡಪ್ಪನ ಎದುರಿಗೆ ಕುಳಿತಳು.

"ಹುಡಿಗಿ ನನ್ನ ಮನ್ಯಾಗ ಇದ್ದು ಕಾಲೇಜಿಗೆ ಹೋಗ್ಲಿ ಅಣ್ಣಾ," ಎಂದಳು.

"ಇರೂದ ಎಲ್ಲಿ?" ದೊಡ್ಡಪ್ಪ ಕೇಳಿದ. "ಒಳಗಿನ ಕ್ವಾಣ್ಯಾಗ ನೀ, ಬಾಜೂಕ ದೇವರು. ಪಡಸಾಲ್ಯಾಗ ನಿನ್ನ ಮೈದುನ ಈರಯ್ಯ, ಅವನ ನಾಕು ಗಂಡಮಕ್ಕಳು. ಈಕಿ ಎಲ್ಲಿ ಮಲಗತಾಳ? ಎಲ್ಲಿ ಕುಂತು ಓದತಾಳ?"

"ಅಟ್ಟದಾಗ."

ದೊಡ್ಡಪ್ಪ ನಕ್ಕ. "ಅಟ್ಟದಾಗ ಕುಂಬಳಕಾಯಿ ಇಡತಾರ ಬೇ, ಹುಡಿಗ್ಯಾರನ್ನಲ್ಲ. ಹ್ವಾದ ವರ್ಷ ನಿನ್ನ ಜ್ವಾಳದ ಚೀಲ ಇಳಸಾಕ ಹೋಗಿ ನನ್ನ ಹಣಿ ಒಡೀತು. ಮರತಿಯೇನು?"

"ನೀ ಮ್ಯಾಲೆ ನೋಡದ ನಡದ್ರ ತೊಲಿ ಏನ ಸರದು ದಾರಿ ಬಿಡಬೇಕೇನು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಅವ್ವ ರೇಣುಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ನೆಲ ನೋಡುತ್ತಿದ್ದ. ದೊಡ್ಡಪ್ಪನ ನಗೆ ನಿಂತಿತು.

"ಹಂಗಾರ ಕೇಳು ಶಂಕ್ರೆವ್ವಾ. ಮನಷ್ಯಾ ಇರೂ ಜಾಗಾ ಅಂದ್ರ ನಿಂತ್ರ ತಲಿ ತಾಕಬಾರದು. ಕಾರಹುಣ್ಣಿಮಿ ಮರುದಿನ ನಾ ಬರತೀನಿ. ರುಮಾಲ ಸುತಗೊಂಡು ನಿನ್ನ ಅಟ್ಟದ ನಡಬರಕ ನಿಂದರತೀನಿ. ತಾಕಲಿಲ್ಲೋ, ಬಸಲಿಂಗ ಅಲ್ಲೇ ಸಹಿ ಮಾಡ್ಲಿ. ತಾಕ್ತೋ, ಬಬಲೇಶ್ವರದವರಿಗೆ ಹೂಂ ಅಂತೀನಿ. ಆಮ್ಯಾಲ ಯಾರೂ ತುಟಿ ಬಿಚ್ಚೂದಿಲ್ಲ."

"ರುಮಾಲ ಯಾಕ? ಬರೇ ತಲಿ ಸಾಲದೇನು?"

"ಮಂದಿ ಮನ್ಯಾಗ ರುಮಾಲ ತಗದು ನಿಂತಾವ ನಾ ಅಲ್ಲ."

ಹುಣ್ಣಿಮೆಗೆ ಎಂಟು ದಿನ ಉಳಿದಿತ್ತು. ಕಾಲೇಜಿನ ಅರ್ಜಿಗೆ ಕೊನೆಯ ದಿನವೂ ಹುಣ್ಣಿಮೆಯ ಮರುದಿನವೇ. ಅಟ್ಟ ಸಜ್ಜು ಮಾಡಲು ಹುಡುಗಿ ನನ್ನ ಜೊತೆ ಬರಲಿ ಎಂದು ಅತ್ತೆ ಎದ್ದಳು. ನಾನು ಒಳಗೆ ಹೋಗಿ ನೋಡಿದರೆ, ಮಾತು ಇನ್ನೂ ನಡೆಯುತ್ತಿರುವಾಗಲೇ ಅವ್ವ ನನ್ನ ಸೀರೆ, ಪುಸ್ತಕ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಎಲ್ಲ ಗಂಟು ಕಟ್ಟಿ ಇಟ್ಟಾಗಿತ್ತು. ನನ್ನ ಅವ್ವ ಎದುರು ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಆ ಗಂಟು ಎಂಟು ದಿನಕ್ಕೆ ಕಟ್ಟಿದ ಗಂಟಾಗಿರಲಿಲ್ಲ.

*

ಅತ್ತೆಯ ಅಟ್ಟ ಒಳಕೋಣೆಯ ಮೇಲಿತ್ತು. ಗೋಡೆಯೊಳಗಿನ ಕಲ್ಲು ಮೆಟ್ಟಿಲು ಹತ್ತಿ, ಕೊನೆಯ ಎತ್ತರದ ಮೆಟ್ಟಿಲನ್ನು ಮೊಣಕಾಲಿಗೆ ಕೈಕೊಟ್ಟು ಏರಿ, ಗಿಡ್ಡ ಬಾಗಿಲಲ್ಲಿ ಸೊಂಟ ಬಗ್ಗಿಸಿ ಒಳಗೆ ಹೋಗಬೇಕು. ಸಗಣಿ ಸಾರಿಸಿದ ಮಣ್ಣಿನ ನೆಲ, ಮೇಲೆ ತಗಡು, ನಡುವೆ ಅಡ್ಡಕ್ಕೆ ಒಂದು ದಪ್ಪ ಬೇವಿನ ತೊಲೆ. ನನ್ನ ಎತ್ತರ ಐದು ಅಡಿ ಒಂದು ಇಂಚು. ಆ ತೊಲೆಯ ಕೆಳಗೆ ನಾನೂ ಕುತ್ತಿಗೆ ಬಗ್ಗಿಸಬೇಕಾಗಿತ್ತು. ಮೊದಲ ಸಲವೇ ನೆತ್ತಿಗೆ ಬಡಿದುಕೊಂಡೆ.

ಅಳೆಯಲು ಬಂದವನು ಓಣಿಯ ಕೊನೆಯ ಮನೆಯ ಕುತುಬುದ್ದೀನ ಗೌಂಡಿ. ಊರಿನ ಅರ್ಧ ಹಳೆಯ ಗೋಡೆಗಳು ಅವನ ಅಜ್ಜ, ಅಪ್ಪ, ಅವನು ಮುಟ್ಟಿ ದುರಸ್ತಿ ಮಾಡಿದವು. ನಾನು ನೆತ್ತಿ ಉಜ್ಜಿಕೊಳ್ಳುವುದನ್ನು ನೋಡಿದ. ಮೊದಲು ತನ್ನ ಕೊರಳಿನ ಕೆಂಪು ಚೌಕದ ವಸ್ತ್ರ ಬಿಚ್ಚಿ ತೊಲೆಗೆ ಕಟ್ಟಿದ, ಇನ್ನೊಮ್ಮೆ ಬಡಿಯದಿರಲೆಂದು. ಆಮೇಲೆ ಅಳತೆಯ ಕೋಲು ತೆಗೆದ.

"ಐದು ಫೂಟಿಗೆ ಎರಡ ಇಂಚ ಕಮ್ಮಿ," ಎಂದ. "ನಿಮ್ಮಣ್ಣ ಅಯ್ಯಾರು ಎಷ್ಟ ಎತ್ತರ ಅದಾರ್ರಿ ಅಕ್ಕಾರ?"

"ನಿನಗಿಂತ ನಾಕ ಬೆರಳ ಹೆಚ್ಚು. ಮ್ಯಾಲ ರುಮಾಲ."

ಕುತುಬುದ್ದೀನ ಗಡ್ಡ ಕೆರೆದುಕೊಂಡ. "ಆರ ಫೂಟು ದಾಟತಾರ. ಒಂದ ಫೂಟಿನ ಮ್ಯಾಲೆ ಎರಡ-ಮೂರ ಇಂಚ ಕಮ್ಮಿ ಬೀಳತೈತ್ರಿ. ತಗಡ ಎಬ್ಬಸಬೇಕಂದ್ರ ಗ್ವಾಡಿ ಎಬ್ಬಸಬೇಕು. ಲಡಾಯಿ ಮುಗದ್ರೂ ತಗಡ ಪರ್ಮಿಟ್ ಇಲ್ಲದ ಸಿಗವಲ್ದು. ಎಂಟ ದಿನದಾಗ ಆಗೂ ಮಾತಲ್ಲ."

"ಆಗೂದಿಲ್ಲ ಅನ್ನಾಕ ನನಗೂ ಬರತೈತಿ ಕುತುಬಣ್ಣ. ಅದಕ್ಕ ನಿನ್ನ ಯಾಕ ಕರಸಬೇಕಾಗಿತ್ತು? ಹೆಂಗ ಆಕ್ಕೈತಿ, ಅದನ್ನ ಹೇಳು."

"ಅಯ್ಯಾರ ಕಾಲ ಒಂದ ಫೂಟ ಕಡೀಬೇಕರಿ, ಮತ್ತೇನ."

ಅತ್ತೆ ನಗಲಿಲ್ಲ. ಅವನು ಕೋಲು ಮಡಚಿಕೊಂಡು ಹೊರಟ. ಬಾಗಿಲಿನಿಂದ ಅವನ ಹಿಂದೆ ನಾನು. ಕಣ್ಣು ತುಂಬಿದ್ದರಿಂದ ಕಾಲಕೆಳಗೆ ಏನೂ ಕಾಣುತ್ತಿರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನಡೆಯಲು ಕಲಿತಾಗಿನಿಂದ ಒಂದು ರೂಢಿ ಬಿದ್ದಿರುತ್ತದೆ: ಬಾಗಿಲು ಬಂತೆಂದರೆ ಹೊಸ್ತಿಲು ತುಳಿಯದಂತೆ ಪಾದ ತಾನೇ ಮೇಲೇಳುತ್ತದೆ. ನನ್ನ ಪಾದವೂ ಎದ್ದಿತು, ದಾಟಿತು, ಆದರೆ ದಾಟುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನಾನು ಮುಗ್ಗರಿಸಿ ಚೌಕಟ್ಟು ಹಿಡಿದುಕೊಂಡೆ.

"ಕುತುಬಕಾಕಾ," ಎಂದೆ. "ಈ ಬಾಗಲಕ್ಕ ಹೊಸ್ತಲ ಇಲ್ಲಲ್ಲರಿ."

"ಅಟ್ಟದ ಬಾಗಲಕ್ಕ ಹೊಸ್ತಲ ಯಾಕ ಬೇಕವ್ವಾ? ಇಲಿ ಏನ ಪೂಜಾ ಮಾಡತಾವೇನು?" ಎಂದು ನಗುತ್ತಾ ಎರಡು ಮೆಟ್ಟಿಲು ಇಳಿದ. ಅಲ್ಲಿಯೇ ನಿಂತ. ತಿರುಗಿ ಮೇಲೆ ಬಂದು ಚೌಕಟ್ಟಿನ ನಿಲುವುಮರದ ಮೇಲೆ ಕೈಯಾಡಿಸುತ್ತಾ ಕೆಳಗೆ ಕುಳಿತ. ಮರ ನೆಲದ ಮಟ್ಟಕ್ಕೆ ನಿಂತಿರಲಿಲ್ಲ; ಮಣ್ಣಿನೊಳಗೆ ಇಳಿದು ಹೋಗಿತ್ತು.

"ನಾಕ ಫೂಟಿನ ಚೌಕಟ್ಟ, ಹೊಸ್ತಲ ಇಲ್ಲದ್ದು, ಯಾವ ಬಡಿಗ್ಯಾ ಮಾಡ್ಯಾನು?" ಎಂದು ತನ್ನಷ್ಟಕ್ಕೆ ಎಂದುಕೊಂಡ. ಕರಣಿ ತೆಗೆದು ಮರದ ಪಕ್ಕದ ಮಣ್ಣು ಕೆದರಿದ. ಆ ಎತ್ತರದ ಕೊನೆಯ ಮೆಟ್ಟಿಲಿನ ಗಾರೆ ಕೆತ್ತಿದ. ಅದು ಮೆಟ್ಟಿಲೇ ಆಗಿರಲಿಲ್ಲ. ಮಣ್ಣು ಜಾರದಂತೆ ಯಾರೋ ನಿಲ್ಲಿಸಿದ್ದ ಬಂಡೆಗಲ್ಲು. ಕಲ್ಲಿನ ಹಿಂದೆ ಕರಣಿ ಒಂದು ಮೊಳಕ್ಕೆ ಕಡಿಮೆ ಆಳಕ್ಕೆ ಇಳಿದು 'ಟಕ್' ಎಂದಿತು. ಕಲ್ಲಿನ ಸದ್ದಲ್ಲ; ಕಟ್ಟಿಗೆಯದು.

ಅತ್ತೆ ನನ್ನನ್ನು ಬದಿಗೆ ಸರಿಸಿ ಮುಂದೆ ಬಾಗಿದಳು.

"ಇತ್ತು!" ಎಂದಳು. "ಯವ್ವಾ, ಇಲ್ಲಿ ಹೊಸ್ತಲ ಇತ್ತು! ನಾ ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಾಗ ಇದರ ಮ್ಯಾಲ ಕುಂತು ಕೂದಲಾ ಒಣಗಿಸಿಕೊಂತಿದ್ದೆ. ಆವಾಗ ಇದು ಅಟ್ಟ ಅಲ್ಲ, ಬಯಲ ಮಾಳಗಿ!"

ಆಮೇಲೆ ಅವಳು ಕೆದರಿದ ಮಣ್ಣನ್ನು ಮುಷ್ಟಿಯಲ್ಲಿ ಎತ್ತಿಕೊಂಡಳು. ಅದು ಬಂದ ಕಥೆಯನ್ನು ಕುತುಬುದ್ದೀನನಿಗಲ್ಲ, ನನಗೆ ಹೇಳಿದಳು.

ಅವಳ ಗಂಡ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಮಾಳಿಗೆಯ ಹಳೆಯ ಗಚ್ಚು ಬಿರುಕು ಬಿಟ್ಟು ಒಳಕೋಣೆ ಸೋರಿತ್ತು. ತೊಟ್ಟಿಕ್ಕುವ ನೀರಿನ ಕೆಳಗೆ ಪಾತ್ರೆ ಇಟ್ಟುಕೊಂಡು ಅವಳು ಒಬ್ಬಳೇ ಕುಳಿತಿದ್ದಳಂತೆ. ಮುಂದಿನ ಬೇಸಿಗೆಯಲ್ಲಿ ದೊಡ್ಡಪ್ಪ ಡೋಣಿ ನದಿಯ ದಂಡೆಯಿಂದ ಒಂದು ಗಾಡಿ ಕರಲು ಮಣ್ಣು ಹೇರಿಕೊಂಡು ಬಂದ. ಆ ಉಪ್ಪುಮಣ್ಣು ಹಾಸಿದ ಮಾಳಿಗೆಯಲ್ಲಿ ನೀರು ಇಳಿಯುವುದಿಲ್ಲವೆಂದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ತಾನೇ ಹೊತ್ತು, ತಾನೇ ಹರಡಿ, ತಾನೇ ಬಡಿದು ಹೋದ. ಮರುವರ್ಷವೂ ಬಂದ. ಹೀಗೆ ಹದಿನೈದು ವರ್ಷ, ಕಾರಹುಣ್ಣಿಮೆಗೆ ಮೊದಲು ಒಂದು ಗಾಡಿ. ಒಂದು ಪದರಿನ ಮೇಲೆ ಇನ್ನೊಂದು ಪದರು. ಆಮೇಲೆ ಮೈದುನ ಈರಯ್ಯ, ಪಕ್ಕದ ಮನೆಯ ಗಾಳಿಗೆ ಅಡ್ಡ ಬರದಂತೆ ತಗ್ಗಿನಲ್ಲಿ ತಗಡು ಹಾಕಿಸಿದ. ಮಾಳಿಗೆ ಅಟ್ಟವಾಯಿತು. ಮೇಲೆ ತಗಡು ಬಂದಮೇಲೆ ಕೆಳಗಿನ ಮಣ್ಣಿಗೆ ಕೆಲಸವಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಹನ್ನೆರಡು ವರ್ಷ ಅದನ್ನೇ ನೆಲವೆಂದು ಸಾರಿಸುತ್ತಾ ಬಂದಿದ್ದರು.

"ಎಲ್ಲಾ ತಗದ್ರ ಎಷ್ಟ ಸಿಗತೈತಿ?" ನಾನು ಕುತುಬುದ್ದೀನನನ್ನು ಕೇಳಿದೆ.

"ಹದಿನಾಕು, ಹದಿನೈದು ಇಂಚು. ಕೆಳಗಿನ ಜಂತಿಗೂ ಭಾರ ಇಳೀತೈತಿ." ಅತ್ತೆಯ ಕಡೆ ನೋಡಿ ದನಿ ತಗ್ಗಿಸಿದ. "ಆದ್ರ ಅದು ಅಯ್ಯಾರ ಹೊತ್ತ ಮಣ್ಣರಿ. ನೀವು ವಿಚಾರ ಮಾಡಿ ಹೇಳ್ರಿ. ನಾ ನಾಳೆ ಬರತೀನಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾಳೆ ಯಾಕ? ಗುದ್ದಲಿ ತಾ."

*

ಏಳು ದಿನ ಹಿಡಿಯಿತು. ಕುತುಬುದ್ದೀನ ಅಗೆದ. ಅವನ ಹೆಂಡತಿ ಮಾಬುಬಿ ತುಂಬಿಕೊಟ್ಟಳು. ಅತ್ತೆ ಮೆಟ್ಟಿಲಿನ ತಿರುವಿನಲ್ಲಿ ನಿಂತು ಬುಟ್ಟಿ ದಾಟಿಸಿದಳು. ನಾನು ಹೊತ್ತು ಹೊರಗೆ ಸುರಿದೆ. ಮೊದಲ ದಿನ ಮುಗಿಯುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಮಾಬುಬಿ ಅದನ್ನು ನೋಡಿದಳು. ಮರುದಿನದಿಂದ ನನ್ನ ಬುಟ್ಟಿಯ ಹಿಡಿಗೆ ಹಳೆಯ ಬಟ್ಟೆ ಸುತ್ತಿರುತ್ತಿತ್ತು, ಮತ್ತು ಬುಟ್ಟಿ ಒಂದು ಹಿಡಿ ಕಡಿಮೆ ತುಂಬಿರುತ್ತಿತ್ತು.

ಈರಯ್ಯ ಮಾಮಾನಿಗೆ ಮನೆಯ ಮುಂಭಾಗದಲ್ಲಿ ವಿಭೂತಿ, ಊದುಬತ್ತಿ, ಕಾಯಿ ಮಾರುವ ಅಂಗಡಿ. ಮಣ್ಣಿನ ಗುಡ್ಡೆ ಅವನ ಕಟ್ಟೆಯವರೆಗೂ ಬಂತು.

"ಅತ್ತಿಗಿ, ಗುಡಿಗೆ ಹೋಗೂ ಗಿರಾಕಿ ಏನ ಈ ಗುಡ್ಡಾ ಹಾರಿ ಬರಬೇಕೇನು?" ಎಂದು ಕೂಗಿದ.

"ಹಾರಿ ಬಂದವರಿಗೆ ಒಂದ ವಿಭೂತಿ ಗಟ್ಟಿ ಹೆಚ್ಚ ಕೊಡು, ಮಾರನೇ ದಿನಾನೂ ಹಾರತಾರ," ಎಂದಳು ಅತ್ತೆ.

ಅವನು ಗೊಣಗುತ್ತಾ ಒಳಗೆ ಹೋದ. ಆದರೆ ಬೆಳಿಗ್ಗೆ ನಾನು ಎದ್ದು ನೋಡಿದಾಗ ಅವನ ಅಂಗಡಿಯ ಮರದ ಬೆಂಚು ಮೆಟ್ಟಿಲಿನ ಬುಡದಲ್ಲಿತ್ತು. ಬುಟ್ಟಿ ಇಳಿಸಿ ಉಸಿರು ತೆಗೆದುಕೊಳ್ಳಲು ಸರಿಯಾದ ಎತ್ತರ. ಅದನ್ನು ಅಲ್ಲಿ ಇಟ್ಟವನು ತಾನೆಂದು ಅವನು ಕೊನೆಯವರೆಗೂ ಒಪ್ಪಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯ ರುಕ್ಮವ್ವ ಗುಡ್ಡೆಯ ಮುಂದೆ ನಿಂತು ಒಂದು ಚಿಟಿಕೆ ಮಣ್ಣು ನಾಲಗೆಗೆ ಹಚ್ಚಿಕೊಂಡಳು.

"ಡೋಣಿ ಮಣ್ಣಲ್ಲೇನ ಇದು? ಮಳಿ ಹತ್ತರ ಬಂದೈತಿ, ಎಲ್ಲ್ಯಾರ ಛಲೋ ಕರಲ ಸಿಕ್ಕೀತೇನ ಅಂತ ನಾ ಊರೆಲ್ಲಾ ಹುಡುಕಾಕತ್ತೇನಿ! ಒಂದ ಹತ್ತ ಬುಟ್ಟಿ ಒಯ್ಯಲೇನ ಶಂಕ್ರಕ್ಕಾ?"

"ಒಯ್ಯಿ. ಆದ್ರ ಗುಡ್ಡದಾಗಿಂದಲ್ಲ, ಮ್ಯಾಲೆ ಬಂದು ಅಟ್ಟದಾಗಿಂದ ಒಯ್ಯಿ."

ಸಂಜೆಯೊಳಗೆ ಓಣಿಗೆ ಸುದ್ದಿ ಹಬ್ಬಿತು. ನಮ್ಮ ಮೆಟ್ಟಿಲಿನ ಮೇಲೆ ಬುಟ್ಟಿ ಹಿಡಿದ ಹೆಂಗಸರ ಸಾಲು.

"ಕಾಲೇಜಿಗೆ ಹೋಗಾಕ ಮಣ್ಣ ಹೊರೂ ಪರೀಕ್ಷಾ ಬ್ಯಾರೆ ಐತೇನ ಬೇ?" ಎಂದಳು ಒಬ್ಬಳು.

"ಇದರಾಗ ಪಾಸಾದ್ರ ಬಿ.ಎ. ಸಸಾರ ಬಿಡು," ಎಂದಳು ಇನ್ನೊಬ್ಬಳು.

"ಮೀಸಿ ಇದ್ದವರನ್ನ ಯಾರೂ ಹಿಂಗ ಹೊರಸಲಿಲ್ಲ ನೋಡ," ಎಂದಳು ರುಕ್ಮವ್ವ, ತುಂಬಿದ ಬುಟ್ಟಿ ತಲೆಗೇರಿಸಿಕೊಳ್ಳುತ್ತಾ. ಆ ಮಾತಿನ ಮೇಲೆ ಸಾಲು ಸ್ವಲ್ಪ ಬೇಗ ಸರಿಯತೊಡಗಿತು.

ಹುಣ್ಣಿಮೆಯ ಹಿಂದಿನ ದಿನ ಹಳೆಯ ಗಚ್ಚಿನ ನೆಲ ಪೂರ್ತಿ ಕಾಣಿಸಿಕೊಂಡಿತು. ಬಾಗಿಲಿನ ಬುಡದಲ್ಲಿ ಹೊಸ್ತಿಲು, ಕಪ್ಪು ತೇಗದ್ದು, ಮಣ್ಣಿನಲ್ಲಿ ಇಷ್ಟು ವರ್ಷ ಮಲಗಿಯೂ ಗೆದ್ದಲು ಹಿಡಿಯದೆ ಬಂತು. ಕುತುಬುದ್ದೀನ ಬಿರುಕುಗಳಿಗೆ ಸುಣ್ಣದ ಗಾರೆ ತುಂಬಿ, ತೊಲೆಯ ಕೆಳಗೆ ಕೋಲು ಹಿಡಿದ.

"ಆರ ಫೂಟು ಒಂದ ಇಂಚು." ಕೋಲನ್ನು ಇನ್ನೊಮ್ಮೆ ಹಿಡಿದು ನೋಡಿದ, ಇನ್ನೊಂದಿಷ್ಟು ಸಿಕ್ಕೀತೇನೋ ಎಂಬಂತೆ. "ಇದರ ಕೆಳಗ ಒಂದ ಎಳ್ಳಕಾಳಿನಷ್ಟೂ ತಗಿಯಾಕ ಬರೂದಿಲ್ಲರಿ ಅಕ್ಕಾರ. ಅಯ್ಯಾರ ದಿನಾ ಸುತ್ತೂ ರುಮಾಲ ಆದ್ರ ತಾಕೂದಿಲ್ಲ."

*

ದಿನಾ ಸುತ್ತುವ ರುಮಾಲು ಅದಾಗಿರಲಿಲ್ಲ.

ಹುಣ್ಣಿಮೆಯ ಮರುದಿನ ಎರಡು ಗಂಟೆಯ ಬಸ್ಸಿಗೆ ದೊಡ್ಡಪ್ಪ, ಅಪ್ಪ ಬಂದರು. ಓಣಿಯ ತಿರುವಿನಲ್ಲಿ ಅವರು ಕಾಣಿಸಿದೊಡನೆ ಅತ್ತೆ ನನ್ನ ಕೈ ಹಿಡಿದಳು. ದೊಡ್ಡಪ್ಪನ ತಲೆಯ ಮೇಲೆ ಜರಿಯಂಚಿನ ರುಮಾಲು, ಗೋಪುರದ ಹಾಗೆ.

"ಅಣ್ಣಾ, ಇವತ್ತ ನಾಕ ಸುತ್ತ ಹೆಚ್ಚ ಕಾಣಸ್ತಾವಲ್ಲ," ಎಂದಳು.

"ಹಬ್ಬದ ರುಮಾಲ," ಎಂದ ದೊಡ್ಡಪ್ಪ, ಅವಳ ಮುಖ ನೋಡದೆ.

"ಹಬ್ಬ ನಿನ್ನೆ ಮುಗೀತು."

ಅವನು ಕಟ್ಟೆಯ ಪಕ್ಕದಲ್ಲಿ ಉಳಿದಿದ್ದ ಮಣ್ಣಿನ ಗುಡ್ಡೆ ನೋಡಿದ. ಬಗ್ಗಿ ಒಂದು ಚೂರು ಬಾಯಿಗೆ ಹಾಕಿಕೊಂಡ. ಆ ರುಚಿ ಅವನಿಗೆ ಗುರುತು ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇದು ನಮ್ಮ ದಂಡೀ ಮಣ್ಣು. ಯಾರ ತಂದ್ರು?"

"ನೀನ ತಂದಿದ್ದಿ. ಹದಿನೈದು ವರ್ಷ."

ಅತ್ತೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳ ದನಿ ಮೆತ್ತಗಾಯಿತು, ಆದರೆ ಒಂದು ಮಾತನ್ನೂ ನುಂಗಲಿಲ್ಲ. "ನೀ ಹೊತ್ತ ಹಾಕಿದ್ದಕ್ಕ ನಾ ಈ ಮನ್ಯಾಗ ಒಣಾ ನೆಲದ ಮ್ಯಾಲ ಮಲಗೇನಿ. ಅದನ್ನ ಸಾಯೂತನಕ ಮರಿಯೂದಿಲ್ಲ. ಆದ್ರ ಈಗ ಅದು ಬ್ಯಾಡಾಗಿತ್ತು, ತಗಸೇನಿ. ನಿನ್ನ ಕೇಳಿಲ್ಲ. ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ದೊಡ್ಡಪ್ಪ ಕೈಯ ಮಣ್ಣು ಝಾಡಿಸಿಕೊಂಡ. ಮೆಟ್ಟಿಲು ಹತ್ತಿದ. ಹಿಂದೆ ಅಪ್ಪ, ಅತ್ತೆ, ನಾನು. ಮೇಲೆ ಕುತುಬುದ್ದೀನ ಗೋಡೆಗೆ ಆತು ನಿಂತಿದ್ದ.

ದೊಡ್ಡಪ್ಪ ಬಾಗಿಲಲ್ಲಿ ಬಗ್ಗಿ, ಹೊಸ್ತಿಲು ದಾಟಿ, ಅಟ್ಟದ ನಡುವಿಗೆ ಹೋಗಿ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ. ನಾನು ಉಸಿರು ಹಿಡಿದು ರುಮಾಲನ್ನೇ ನೋಡುತ್ತಿದ್ದೆ. ಅದರ ಮೇಲಿನ ಸುತ್ತು ತೊಲೆಗೆ ಒತ್ತಿ ಒಂದು ಬದಿಗೆ ವಾಲಿತು.

"ತಾಕ್ತು," ಎಂದ ದೊಡ್ಡಪ್ಪ.

ಎರಡು ಬೆರಳಿನಷ್ಟು. ಗೆದ್ದ ಸಂತೋಷ ಅವನ ದನಿಯಲ್ಲಿ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಅಪ್ಪ ಎಂದಿನಂತೆ ನೆಲ ನೋಡಿದ. ಅತ್ತೆ ಬಾಯಿ ತೆರೆದಳು. ಆದರೆ ಅವಳು ಮಾತಾಡುವ ಮೊದಲೇ ನಾನು ಮುಂದೆ ಹೋಗಿ ಅದೇ ತೊಲೆಯ ಕೆಳಗೆ, ದೊಡ್ಡಪ್ಪನ ಎದುರಿಗೆ ನಿಂತೆ. ಹುಟ್ಟಿದಾಗಿನಿಂದ ಅವನ ಎದುರಿಗೆ ಅಷ್ಟು ಹತ್ತಿರ, ಅಷ್ಟು ನೆಟ್ಟಗೆ ನಾನು ನಿಂತಿರಲಿಲ್ಲ.

"ಕುತುಬಕಾಕಾ, ನನ್ನ ಅಳೀರಿ."

"ಏನಿದು ಹುಡಗಾಟ?" ಎಂದ ದೊಡ್ಡಪ್ಪ. "ಮಾತ ಆಗಿದ್ದು ನನ್ನ ರುಮಾಲಿಂದು."

"ಮಾತ ನೀವು ಆಡೀರಿ, ನಾ ಆಡಿಲ್ಲ. ನಿಮ್ಮ ರುಮಾಲ ಸಂಜೀ ಬಸ್ಸಿಗೆ ತಿಕೋಟಾಕ್ಕ ಹೊಕ್ಕೈತಿ. ಇಲ್ಲಿ ಉಳಿಯೂ ತಲಿ ನಂದು ದೊಡ್ಡಪ್ಪಾ."

ಕುತುಬುದ್ದೀನ ಕೋಲು ಹಿಡಿದು ಬಂದ. ನನ್ನ ನೆತ್ತಿಯಿಂದ ತೊಲೆಗೆ ಇಟ್ಟ. "ಪೂರಾ ಒಂದ ಫೂಟ ಖಾಲಿ ಐತ್ರಿ."

"ನಿನ್ನ ಯಾರ ಕೇಳಿದ್ರಲೇ?"

"ಅಳಿಯೂದ ನನ್ನ ಕಸಬರಿ ಅಯ್ಯಾರ. ಕೋಲಿನ ಮುಂದ ಯಾರ ನಿಂತ್ರೂ ಅಳೀತೇನಿ," ಎಂದು ಅವನು ಹಿಂದೆ ಸರಿದು ಮತ್ತೆ ಗೋಡೆಗೆ ಆತು ನಿಂತ.

"ಬಬಲೇಶ್ವರದವರು ನಾಳೆ ಹೇಳಿ ಕಳಸತಾರ. ನಾ ಏನ ಹೇಳಲಿ ಅವರಿಗೆ?" ದೊಡ್ಡಪ್ಪನ ದನಿ ಏರಿತು.

"ಅವರ ಬಾವಿ ನೀರ ಕುಡದ ನೋಡೀರಿ. ಅವರ ಮನ್ಯಾಗ ನಾ ನಿಂತ್ರ ತಲಿ ತಾಕತೈತೋ ಇಲ್ಲೋ, ಅದನ್ನ ಅಳದ ನೋಡೀರೇನು?"

ಕೆಳಗೆ ಅಂಗಡಿಯಲ್ಲಿ ಈರಯ್ಯ ಮಾಮಾ ಯಾರಿಗೋ ಕಾಯಿ ಬಡಿದು ತೋರಿಸುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸುವ ಕಾರಣ ಆ ಅಟ್ಟದಲ್ಲಿ ಈಗ ಇರಲಿಲ್ಲ.

"ಕಾಗದ ಎಲ್ಲೈತಿ?" ಎಂದು ಅಪ್ಪ ಕೇಳಿದ.

ಅದನ್ನು ಅವನು ಯಾರನ್ನು ಕೇಳಿದನೆಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ನಾನು ಪುಸ್ತಕದೊಳಗಿನಿಂದ ಅರ್ಜಿ ತೆಗೆದುಕೊಟ್ಟೆ. ಅವನು ಜಿನ್ನಿನ ಕಾಲದ ತನ್ನ ಶಾಯಿ ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ಗೋಡೆಗೆ ಒತ್ತಿ ಹಿಡಿದ.

"ಬಸಲಿಂಗಾ!" ಎಂದ ದೊಡ್ಡಪ್ಪ.

"ತಾಕ್ತು ಅಣ್ಣಾ. ನೀ ಹೇಳಿದ್ದು ಖರೇನ," ಎಂದ ಅಪ್ಪ. "ಆದ್ರೂ ಸಹಿ ಮಾಡತೀನಿ."

ಅವನ ಹೆಸರಿನ ಅಕ್ಷರಗಳು ಗೋಡೆಯ ಉಬ್ಬುತಗ್ಗಿಗೆ ಸೊಟ್ಟಗೆ ಬಂದವು. ಅವನು ಶಾಯಿ ಆರುವವರೆಗೂ ಊದಿದ. ದೊಡ್ಡಪ್ಪ ತೊಲೆಯ ಕೆಳಗೆ ಹಾಗೆಯೇ ನಿಂತಿದ್ದ. ಬಾಗಿದರೆ ಸೋತಂತೆ, ನೆಟ್ಟಗಾದರೆ ರುಮಾಲು ಬೀಳುತ್ತದೆ. ಕುತ್ತಿಗೆಯನ್ನು ಸ್ವಲ್ಪ ವಾರೆ ಮಾಡಿಕೊಂಡು ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಎತ್ತಿ ಮೇಲಿನ ತಗಡು ಮುಟ್ಟಿ, ಚುರುಕ್ಕೆಂದು ಹಿಂದೆ ತೆಗೆದುಕೊಂಡ.

"ಸುಡತೈತಿ," ಎಂದ.

"ಸುಡ್ಲಿರಿ," ಎಂದೆ.

"ಹುಚ್ಚಿ, ಜೇಷ್ಠದಾಗ ಹಿಂಗ ಸುಟ್ಟರ ಚೈತ್ರದಾಗ ತಲಿ ಬೇಯತೈತಿ. ಮ್ಯಾಲ ಜ್ವಾಳದ ದಂಟಿನ ಕಣಕಿ ಹಾಸಿ, ಗಾಳಿಗೆ ಹಾರದಂಗ ಕಲ್ಲ ಹೇರಬೇಕು. ಎರಡ ಗಾಡಿ ಕಣಕಿ ಬೇಕು." ಅವನು ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದ. "ನಾ ಒಪ್ಪೇನಿ ಅಂತ ತಿಳಕೋಬ್ಯಾಡ ಮತ್ತ. ನಾ ಒಪ್ಪಿಲ್ಲ."

"ಒಪ್ಪಬ್ಯಾಡ್ರಿ ದೊಡ್ಡಪ್ಪಾ. ಕಣಕಿ ಎಂದ ಕಳಸತೀರಿ, ಅದನ್ನ ಹೇಳ್ರಿ."

ಅತ್ತೆ ನಗು ಮುಚ್ಚಿಕೊಳ್ಳಲು ಬೇರೆ ಕಡೆ ತಿರುಗಿದಳು. ದೊಡ್ಡಪ್ಪ ವಾಲಿದ ರುಮಾಲನ್ನು ಎರಡೂ ಕೈಯಿಂದ ಸರಿಮಾಡಿಕೊಂಡು, ಬಾಗಿಲು ದಾಟಿ, ಒಂದೊಂದೇ ಮೆಟ್ಟಿಲು ಇಳಿದು ಹೋದ. ಅಪ್ಪ ಅರ್ಜಿಯನ್ನು ಮಡಚಿ ನನ್ನ ಕೈಗೆ ಕೊಟ್ಟ. ಕಾಲೇಜಿನ ಕಚೇರಿ ಮುಚ್ಚಲು ಇನ್ನೂ ಎರಡು ಗಂಟೆ ಇತ್ತು. ಅಣ್ಣನನ್ನು ಸಮಾಧಾನ ಮಾಡಲು ಹೋಗದೆ, ಅಪ್ಪ ನನ್ನ ಜೊತೆಗೆ ನಡೆದುಕೊಂಡು ಬಂದ.